ಐದನೆಯ ಸೋಮವಾರ

ನನ್ನ ಸೋದರಮಾವ ಅಟ್ಟದ ಮೇಲೆ ಅಡಗಿ ಕುಳಿತದ್ದನ್ನು ನಾನು ಕಣ್ಣಾರೆ ಕಂಡೆನೋ ಇಲ್ಲವೋ, ಈಗ ಹೇಳಲಾರೆ. ನೆನಪಂತೂ ಇದೆ. ನರಸೀಪುರದ ಅಜ್ಜಿಯ ಮನೆ. ನಾನಾಗ ಒಂದನೇ ಕ್ಲಾಸೋ ಎರಡನೇ ಕ್ಲಾಸೋ. ಬಾಗಿಲಿಗೆ ಖಾಕಿ ತೊಟ್ಟ ಇಬ್ಬರು ಪೊಲೀಸರು ಬಂದಿದ್ದಾರೆ. ಅಜ್ಜಿ ಹೊಸ್ತಿಲಿಗೆ ಅಡ್ಡ ನಿಂತು "ಅವ್ನು ಮನೇಲಿಲ್ಲ" ಎನ್ನುತ್ತಿದ್ದಾಳೆ. ಮಾವ ಅಟ್ಟದಲ್ಲಿ ಹುಣಸೆಹಣ್ಣಿನ ಮಡಕೆಗಳ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತು ನನ್ನ ಕಡೆ ನೋಡಿ ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಾನೆ. ಅವನ ಮೈಮೇಲೆ ಮಂಡಿಯವರೆಗೆ ಬರುವ ಮಿಲಿಟರಿ ಕೋಟು. ಬೀದಿಯ ತುಂಬ ಮಂಜು. ಜಗಲಿಯ ಕೆಳಗೆ ಒಂದು ಸಣ್ಣ ಬಿಳಿ ನಾಯಿ ಅವನಿಗಾಗಿ ಕಾಯುತ್ತಿದೆ.

ಈ ನೆನಪಿನಲ್ಲಿ ಹಲವು ತೊಂದರೆಗಳಿವೆ. ಮಂಡಿಯವರೆಗಿನ ಕೋಟು ಬೇಕಾಗುವಷ್ಟು ಚಳಿ ನರಸೀಪುರಕ್ಕೆ ನನಗೆ ಬುದ್ಧಿ ಬಂದಾಗಿನಿಂದ ಬಂದಿಲ್ಲ. ಎರಡು ಹೊಳೆ ಕೂಡುವ ಊರಾದ್ದರಿಂದ ಧನುರ್ಮಾಸದಲ್ಲಿ ಒಂದಿಷ್ಟು ಮಂಜು ಬೀಳುತ್ತದೆ, ನಿಜ. ಆದರೆ ಅದು ಹಾಲಿನವನ ಜೊತೆ ಬಂದು ಪೇಪರಿನವನ ಜೊತೆ ಹೊರಟುಹೋಗುತ್ತದೆ. ಇನ್ನು ನಾಯಿ. ನಮ್ಮ ಅಜ್ಜಿಯ ಜಗಲಿಯ ಹತ್ತಿರ ಬಂದ ಯಾವ ನಾಯಿಯೂ ಯಾರಿಗಾಗಿಯಾದರೂ ಕಾಯುವಷ್ಟು ಹೊತ್ತು ನಿಂತದ್ದಿಲ್ಲ. ಅಜ್ಜಿಯ ಪೊರಕೆ ಅಷ್ಟು ಚುರುಕಾಗಿತ್ತು.

ಕೋಟು, ಮಂಜು, ನಾಯಿ, ಈ ಮೂರೂ ಒಂದು ಸಿನಿಮಾದಿಂದ ಬಂದು ನನ್ನ ಬಾಲ್ಯದಲ್ಲಿ ಸೇರಿಕೊಂಡಿರಬೇಕು ಎಂಬುದು ನನ್ನ ಈಗಿನ ಅನುಮಾನ. ಮೈಸೂರಿನಲ್ಲಿ ತತ್ವಶಾಸ್ತ್ರದ ಎಂ.ಎ. ಓದುತ್ತಿದ್ದಾಗ ನೋಡಿದ ಹಳೆಯ ಫ್ರೆಂಚ್ ಸಿನಿಮಾ ಅದು, ಕಪ್ಪುಬಿಳುಪು. ಯುದ್ಧಕಾಲದಲ್ಲಿ ಸೇನೆ ಬಿಟ್ಟು ಓಡಿಬಂದ ಸೈನಿಕನೊಬ್ಬ ಮಂಜು ಕವಿದ ಬಂದರಿನ ಊರಿಗೆ ಬರುತ್ತಾನೆ. ಅವನ ಹಿಂದೆ ಒಂದು ನಾಯಿ ಬೀಳುತ್ತದೆ. ಒಬ್ಬಳು ಹುಡುಗಿ ಸಿಗುತ್ತಾಳೆ. ಸತ್ತವನೊಬ್ಬನ ಬಟ್ಟೆ, ಕಾಗದಪತ್ರ ಇಟ್ಟುಕೊಂಡು ಹಡಗು ಹತ್ತಿ ಪಾರಾಗಬೇಕೆಂದಿರುತ್ತಾನೆ. ಪಾರಾಗುವುದಿಲ್ಲ. ಆ ವಯಸ್ಸಿನಲ್ಲಿ ನನಗೆ ಅದು ಜಗತ್ತಿನ ಅತಿ ದೊಡ್ಡ ಸಿನಿಮಾ. ಬದುಕಿನಲ್ಲಿ ಮಂಜು ಬಿಟ್ಟು ಬೇರೇನೂ ಇಲ್ಲ ಎಂದು ಹಾಸ್ಟೆಲಿನ ಬಿಸಿಬೇಳೆಬಾತಿನ ಮುಂದೆ ಕುಳಿತು ವಾದಿಸುತ್ತಿದ್ದೆ.

ಆ ಓದಿನಿಂದ ನನಗೆ ಆದ ಲಾಭ ಒಂದೇ. ಯಾವುದನ್ನೂ ನಂಬುವುದಿಲ್ಲ, ನನ್ನನ್ನೂ ಸೇರಿಸಿ. ಅತಿಥಿ ಉಪನ್ಯಾಸಕನಾಗಿ ಈಗ ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುತ್ತೇನೆ. ಹೇಳಿಕೊಡುವಾಗಲೂ ಪೂರ್ತಿ ಒಪ್ಪಿಕೊಂಡು ಹೇಳುವುದಿಲ್ಲ.

ಆ ಸಿನಿಮಾ ಮತ್ತು ನನ್ನ ಮಾವ ಮುಖಾಮುಖಿಯಾದದ್ದು ಎರಡು ವರ್ಷದ ಹಿಂದೆ, ನಂಜನಗೂಡಿನಲ್ಲಿ, ಒಂದು ಛತ್ರದ ಊಟದ ಹಾಲ್‌ನಲ್ಲಿ. ಇದನ್ನು ಸುಮಾರು ನಲವತ್ತು ಜನ ನೋಡಿದ್ದಾರೆ. ಹಾಗಾಗಿ ಇಲ್ಲಿಂದ ಮುಂದೆ ನನ್ನ ನೆನಪನ್ನು ಅರ್ಧದಷ್ಟಾದರೂ ನಂಬಬಹುದು.

ನಾನು ಮತ್ತು ನನ್ನ ಗೆಳೆಯನೊಬ್ಬ ತಿಂಗಳಿಗೊಂದು ಭಾನುವಾರ ಒಳ್ಳೆಯ ಸಿನಿಮಾ ತೋರಿಸುತ್ತಿದ್ದೆವು. 'ಒಳ್ಳೆಯ' ಎಂದರೆ ಯಾರೂ ಬಾರದ ಸಿನಿಮಾ. ಏಳು ಜನ ಬರುತ್ತಿದ್ದರು, ಅದರಲ್ಲಿ ಇಬ್ಬರು ಕಾಫಿಗೆ. ಆ ತಿಂಗಳು ನನ್ನ ಪ್ರೀತಿಯ ಫ್ರೆಂಚ್ ಸಿನಿಮಾ ಹಾಕುವುದೆಂದು ವಾಟ್ಸಾಪಿನಲ್ಲಿ ಬರೆದೆ: 'ಯುದ್ಧಕಾಲದ ಸೈನಿಕನೊಬ್ಬನ ಮನಮಿಡಿಯುವ ಕಥೆ.' ಓಡಿಬಂದ ಸೈನಿಕ ಎಂದು ಬರೆಯಲಿಲ್ಲ. ಕಥೆ ಬಿಟ್ಟುಕೊಡಬಾರದು ಎಂಬ ಶಿಷ್ಟಾಚಾರ.

ಮಾವನೂ ಅದನ್ನು ಓದಿದ. ಮಿಲಿಟರಿಯಲ್ಲಿ ಲಾರಿ ಓಡಿಸಿ ಹವಾಲ್ದಾರನಾಗಿ ನಿವೃತ್ತನಾದವನು ಈಗ ನಂಜನಗೂಡಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಅಕ್ಕನ ಮಗ ಏನೋ ಮಾಡುತ್ತಾನೆ, ಅದು ಯಾರಿಗೂ ಅರ್ಥವಾಗುವುದಿಲ್ಲ ಎಂಬ ಕೊರಗು ಅವನಿಗೆ ಬಹಳ ದಿನದಿಂದ ಇತ್ತು. ಕೊನೆಗೂ ಅರ್ಥವಾಗುವಂಥದ್ದೊಂದು ಸಿಕ್ಕಿತು. ತಾಲ್ಲೂಕಿನ ಮಾಜಿ ಸೈನಿಕರ ಗುಂಪಿಗೆ ನನ್ನ ಬರಹವನ್ನು ಕಳಿಸಿ ಕೆಳಗೆ ಸೇರಿಸಿದ: 'ನಮ್ಮ ಅಳಿಯ ಮಿಲಿಟರಿ ಪಿಚ್ಚರ್ ಹಾಕುತ್ತಾ ಇದ್ದಾನೆ. ಎಲ್ಲರೂ ಮೆಡಲ್ ಹಾಕಿಕೊಂಡು ಕುಟುಂಬ ಸಮೇತ ಬನ್ನಿ.'

ಇದರಲ್ಲಿ ಅವನಿಗೊಂದು ಲೆಕ್ಕಾಚಾರವೂ ಇತ್ತು. ಸಿನಿಮಾ ಆದ ಮುಂದಿನ ಭಾನುವಾರ ಮಾಜಿ ಸೈನಿಕರ ಸಂಘದ ಅಧ್ಯಕ್ಷರ ಚುನಾವಣೆ. ಮಾವ ನಿಂತಿದ್ದ. ಎದುರಾಳಿ ಹೆಮ್ಮರಗಾಲದ ಒಬ್ಬ ನಿವೃತ್ತ ಸುಬೇದಾರರು, ಮೀಸೆಯಿಂದ ಬೂಟಿನವರೆಗೆ ಒಂದೂ ಸುಕ್ಕಿಲ್ಲದ ಮನುಷ್ಯ. ಅವರು ಕಳಲೆ, ಹದಿನಾರು ಎಂಬ ಹಳ್ಳಿಗಳಿಗೆಲ್ಲ ಹೋಗಿ ಒಂದು ಮಾತು ಬಿಟ್ಟುಬರುತ್ತಿದ್ದರು: "ಹವಾಲ್ದಾರ ಒಳ್ಳೇವ್ನೇ. ಆದ್ರೆ ಗಡಿಯಲ್ಲಿ ಗುಂಡು ಹಾರೋ ಕಾಲದಲ್ಲಿ ಎರಡು ತಿಂಗಳು ನಾಪತ್ತೆ ಆಗಿದ್ನಂತೆ. ನಾನ್ ಹೇಳ್ತಿಲ್ಲ, ಜನ ಹೇಳ್ತಾರೆ." ಮಾವ ಇದಕ್ಕೆ ಎಂದೂ ಉತ್ತರ ಕೊಟ್ಟಿರಲಿಲ್ಲ. ಆ ಅಟ್ಟದ ನೆನಪು ಇಟ್ಟುಕೊಂಡಿದ್ದ ನನಗೆ, ಅವನು ಸುಮ್ಮನಿರುವುದು ಯಾಕೆಂದು ಗೊತ್ತು ಎಂದೇ ಅನ್ನಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ನಾನೂ ಗೆಳೆಯನೂ ಕಿಟಕಿಗಳಿಗೆ ಕಂಬಳಿ ಕಟ್ಟಿ, ಗೋಡೆಗೆ ಬಿಳಿ ಪಂಚೆ ಬಿಗಿದು ಮುಗಿಸುವಷ್ಟರಲ್ಲಿ ಹೊರಗೆ ಬೂಟಿನ ಸದ್ದಾಯಿತು. ಇಪ್ಪತ್ಮೂರು ಮಾಜಿ ಸೈನಿಕರು, ಹೆಂಡತಿಯರೊಂದಿಗೆ. ಕೋಟಿನ ಮೇಲೆ ಮೆಡಲು, ತಲೆಯ ಮೇಲೆ ಟೋಪಿ. ಸುಬೇದಾರರು ಒಳಗೆ ಬಂದವರೇ ಕುರ್ಚಿಗಳ ಸಾಲು ನೋಡಿದರು.

"ಮೇಷ್ಟ್ರೇ, ಮೂರನೇ ಸಾಲು ವಕ್ರ ಇದೆ."

ಸರಿ ಮಾಡಿದೆವು. ಆಮೇಲೆ ಎಲ್ಲರೂ ನಿಂತು ರಾಷ್ಟ್ರಗೀತೆ ಹಾಡಿದರು. ಹುತಾತ್ಮರಿಗಾಗಿ ಒಂದು ನಿಮಿಷ ಮೌನ. ನನ್ನ ಗೆಳೆಯ ಆ ಮೌನದಲ್ಲಿ ನನ್ನ ಕಿವಿಗೆ ಬಾಯಿಟ್ಟು ಕೇಳಿದ: "ಇವರಿಗೆ ಯಾವ ಸಿನಿಮಾ ಅಂತ ಗೊತ್ತಾ?"

"ಇಲ್ಲ."

"ಬೇರೆ ಪೆನ್‌ಡ್ರೈವ್ ಇದ್ಯಾ?"

"ಇದೆ. ಅದರಲ್ಲಿ ನನ್ನ ಪಾಠದ ನೋಟ್ಸ್ ಇದೆ."

ಮಾವ ಮೊದಲ ಸಾಲಿನ ನಡುವೆ ಕುಳಿತು ನನ್ನ ಕಡೆ ಹೆಮ್ಮೆಯಿಂದ ಕೈ ಬೀಸಿದ. ಪಕ್ಕದ ಕುರ್ಚಿಯಲ್ಲಿ ಸುಬೇದಾರರು. ತಾಲ್ಲೂಕಿನ ಸೈನಿಕರನ್ನೆಲ್ಲ ಕರೆಸಿ, ಎದುರಾಳಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಓಡಿಬಂದ ಸೈನಿಕನ ಕಥೆಯನ್ನು ನಮ್ಮ ಮಾವನ ಹೆಸರಿನಲ್ಲೇ ತೋರಿಸುವ ಏರ್ಪಾಡು ಮಾಡಿದವನು ನಾನು. ವೈರಿ ಕೂಡ ಇಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ.

ಒಂದೇ ದಾರಿಯಿತ್ತು. ನಮ್ಮ ಸಿನಿಮಾಗಳಿಗೆಲ್ಲ ನಾನು ಮೈಕ್ ಹಿಡಿದು ಕನ್ನಡದಲ್ಲಿ ಕಥೆ ಹೇಳುವ ರೂಢಿ. ಪರದೆಯ ಕೆಳಗೆ ಇಂಗ್ಲಿಷ್ ಅಕ್ಷರಗಳು ಬರುತ್ತಿದ್ದವಾದರೂ ಅವು ಸರಿಯಾಗಿ ಪಂಚೆಯ ಕೆಂಪು ಅಂಚಿನ ಮೇಲೆ ಬಿದ್ದು ಯಾರಿಗೂ ಕಾಣುತ್ತಿರಲಿಲ್ಲ. ಫ್ರೆಂಚ್ ಬಲ್ಲವರು ನಂಜನಗೂಡು ತಾಲ್ಲೂಕಿನಲ್ಲಿ ಆ ಹೊತ್ತಿಗೆ ಇದ್ದಂತಿಲ್ಲ. ಕಥೆ ಪೂರ್ತಿ ನನ್ನ ಬಾಯಲ್ಲಿತ್ತು.

ಪಂಚೆಯ ಮೇಲೆ ಮಂಜು ಕವಿಯಿತು. ಸೈನಿಕ ದಾರಿಯಲ್ಲಿ ಹೋಗುತ್ತಿದ್ದ ಲಾರಿಯನ್ನು ನಿಲ್ಲಿಸಿ ಹತ್ತಿಕೊಂಡ.

"ಇವನು ಒಬ್ಬ ವೀರಯೋಧ," ಎಂದೆ. "ರಜೆಯ ಮೇಲೆ ಊರಿಗೆ ಹೊರಟಿದ್ದಾನೆ."

ಕುರ್ಚಿಗಳಲ್ಲಿ ಮೆಚ್ಚುಗೆಯ ಕೆಮ್ಮು ಕೇಳಿಸಿತು. ಲಾರಿಗೆ ನಾಯಿಯೊಂದು ಅಡ್ಡ ಬಂತು. ಸೈನಿಕ ಡ್ರೈವರನ ಕೈಯಿಂದ ಸ್ಟೇರಿಂಗ್ ಕಿತ್ತು ಲಾರಿ ತಿರುಗಿಸಿ ನಾಯಿಯನ್ನು ಉಳಿಸಿದ.

"ಅದು ತಪ್ಪು," ಎಂದ ಮಾವ ಜೋರಾಗಿ. "ಗಾಡಿ ಓಡ್ಸೋನ ಕೈಗೆ ಕೈ ಹಾಕಬಾರದು. ನನ್ ಸ್ಕೂಲಲ್ಲಾಗಿದ್ರೆ ಇಳ್ಸಿಬಿಡ್ತಿದ್ದೆ."

ಹತ್ತು ನಿಮಿಷ ಎಲ್ಲವೂ ಚೆನ್ನಾಗಿತ್ತು. ಆಮೇಲೆ ಪರದೆಯ ಸೈನಿಕ ಪೊಲೀಸರನ್ನು ಕಂಡು ಗೋಡೆಯ ಮರೆಗೆ ಸರಿದ.

"ಯಾಕ್ ಅಡಗಿದ?" ಎಂದರು ಸುಬೇದಾರರು.

"ಸಂಕೋಚದ ಸ್ವಭಾವ," ಎಂದೆ.

"ರಜಾ ಚೀಟಿ ತೋರಿಸಿದ್ರೆ ಆಯ್ತಲ್ಲ. ರಜಾ ಚೀಟಿ ಎಲ್ಲಿ?"

"ಕಳೆದುಹೋಗಿದೆ."

"ಕಳೆದುಹೋದ್ರೆ ಠಾಣೆಗೆ ಹೋಗಿ ಬರೆಸ್ಬೇಕು. ಅದು ರೂಲ್ಸು."

"ಮಂಜು ಜಾಸ್ತಿ ಇದೆ. ಠಾಣೆ ಕಾಣ್ತಿಲ್ಲ."

ಹಿಂದಿನ ಸಾಲಿನಲ್ಲಿ ಒಬ್ಬರು ಪಾಪ ಎಂದರು. ಸುಬೇದಾರರು ಅನ್ನಲಿಲ್ಲ. ಸೈನಿಕನಿಗೆ ಯಾರೋ ಬೇರೆ ಬಟ್ಟೆ ತಂದುಕೊಟ್ಟರು. ಯೂನಿಫಾರಂ ನೆನೆದಿದೆ, ಒಣಗಲು ಹಾಕಿದ್ದಾರೆ ಎಂದೆ. ಅಷ್ಟರಲ್ಲಿ ಪರದೆಯ ಮೇಲೆ ಅದೇ ಯೂನಿಫಾರಮಿಗೆ ಕಲ್ಲು ಕಟ್ಟಿ ನೀರಿಗೆ ಎಸೆದರು. ಬುಳಕ್ ಎಂಬ ಸದ್ದು ನಮ್ಮ ಸ್ಪೀಕರಿನಲ್ಲಿ ಬಹಳ ಸ್ಪಷ್ಟವಾಗಿ ಬಂತು. ಹಾಲ್‌ನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

ಬಾಯಿಗೆ ಏನು ಬಂತೋ ಅದನ್ನು ಹೇಳಿದೆ. "ಹರಕೆ. ಅವರ ಕಡೆಯೂ ಹೀಗೊಂದು ಪದ್ಧತಿ. ನೀರಿಗಿಳಿದು, ತೊಟ್ಟ ಬಟ್ಟೆ ಅಲ್ಲೇ ಬಿಟ್ಟುಬರೋದು."

"ನಮ್ ಕಪಿಲೇಲಿ ಬಿಡಾಂಗೇ," ಎಂದರು ಒಬ್ಬ ಹೆಂಗಸು, ಸಮಾಧಾನದಿಂದ.

"ಯೂನಿಫಾರಂನ ಯಾವನಮ್ಮ ಹರಕೆಗೆ ಬಿಡ್ತಾನೆ?" ಸುಬೇದಾರರು ಎದ್ದು ನಿಂತರು. ಅವರ ನೆರಳು ಪಂಚೆಯ ಮೇಲೆ ಬಿದ್ದು ಫ್ರಾನ್ಸಿನ ಬಂದರು ಅರ್ಧ ಮುಚ್ಚಿಹೋಯಿತು. "ಮೇಷ್ಟ್ರೇ, ನಿಜ ಹೇಳಿ. ಇವ್ನು ಓಡಿಬಂದವನು ಹೌದೋ ಅಲ್ವೋ?"

ನಾನು ಉತ್ತರ ಕೊಡುವ ಮೊದಲೇ ಮಾವ ಎದ್ದ. "ನಿಲ್ಸು ಕಣ್ಲಾ ಅಳಿಯ," ಎಂದ. ಗೆಳೆಯ ಸಿನಿಮಾ ನಿಲ್ಲಿಸಿದ. ಪರದೆಯ ಮೇಲೆ ನಾಯಿ ಒಂದು ಕಾಲೆತ್ತಿಕೊಂಡು ನಿಂತಿತು.

"ಸಾಹೇಬ್ರೇ, ಅವ್ನು ಓಡ್ಬಂದವ್ನೇ," ಎಂದ ಮಾವ. "ಲಾರಿ ಅತ್ತುವಾಗ್ಲೇ ನಂಗೆ ಗೊತ್ತಾಯ್ತು. ರಜೆ ಮೇಲೆ ಬಂದವ್ನು ಮುಂದಕ್ಕೆ ನೋಡ್ತಾನೆ, ಊರು ಎಷ್ಟೊತ್ಗೆ ಬತ್ತದೆ ಅಂತ. ಇವ್ನು ಇಂದಕ್ಕೇ ನೋಡ್ತಾವ್ನೆ. ನಮ್ ಅಳಿಯ ನನ್ ಮೊಕ ನೋಡ್ಕಂಡು ಸುಳ್ಳು ಕಟ್ತಾವ್ನೆ. ನೀವ್ ಊರ್ ಮೇಲೆ ಏನ್ ಯೋಳ್ಕಂಡ್ ತಿರುಗ್ತಾ ಇದ್ದೀರಿ ಅಂತ ಅವ್ನಿಗೂ ಗೊತ್ತು, ನಂಗೂ ಗೊತ್ತು. ಎರಡು ತಿಂಗ್ಳಲ್ಲ. ಐದು ದಿನ. ರಜೆ ಮುಗಿದ್ಮೇಲೆ ಐದು ದಿನ ನಾನು ವಾಪಸ್ ಓಗ್ಲಿಲ್ಲ."

"ಯಾಕೆ?" ಎಂದರು ಸುಬೇದಾರರು.

ಮಾವ ಗುಂಡಿಗೆ ಹೆದರಿ ಎನ್ನುತ್ತಾನೋ, ಯಾವಳೋ ಹುಡುಗಿಗಾಗಿ ಎನ್ನುತ್ತಾನೋ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ನನ್ನ ಮನಸ್ಸಿನಲ್ಲಿ ಆ ಕೋಟು, ಆ ಮಂಜು ಎಲ್ಲವೂ ಸಿದ್ಧವಾಗಿದ್ದವು.

"ಸೋಮವಾರ ಕಮ್ಮಿ ಬಿತ್ತು," ಎಂದ.

ನಿಧಾನವಾಗಿ ವಿಷಯ ಹೊರಗೆ ಬಂತು. ಮಗನನ್ನು ಗಡಿಗೆ ಹಾಕಿದ್ದಾರೆಂದು ತಿಳಿದ ದಿನ ನಮ್ಮಜ್ಜಿ ನಂಜುಂಡನಿಗೆ ಹರಕೆ ಹೊತ್ತಿದ್ದಳು: ಜೀವಸಹಿತ ಬಂದರೆ ಅವನ ಕೈಲಿ ಐದು ಸೋಮವಾರ ಉರುಳುಸೇವೆ ಮಾಡಿಸುತ್ತೇನೆ. ಅವನ ತುಕಡಿಯನ್ನು ಹಿಂದಕ್ಕೆ ಕರೆಸಿ, ಹೋಗಿಬರುವ ದಿನ ಬಿಟ್ಟು ಮೂವತ್ತು ದಿನ ರಜೆ ಕೊಟ್ಟರು. ಅಷ್ಟರಲ್ಲಿ ಸಿಕ್ಕಿದ್ದು ನಾಲ್ಕೇ ಸೋಮವಾರ. ನಾಲ್ಕು ವಾರವೂ ಮೊದಲ ಬಸ್ಸಿಗೆ ನರಸೀಪುರದಿಂದ ನಂಜನಗೂಡಿಗೆ ಬಂದು, ಕಪಿಲೆಯಲ್ಲಿ ಮುಳುಗಿ, ಒದ್ದೆ ಪಂಚೆಯಲ್ಲಿ ದೇವಸ್ಥಾನದ ಸುತ್ತ ಉರುಳಿದ. ಮಿಲಿಟರಿಯಲ್ಲಿ ನೆಲದ ಮೇಲೆ ತೆವಳುವುದನ್ನು ಕಲಿಸಿದ್ದು ಆಗ ಉಪಯೋಗಕ್ಕೆ ಬಂತಂತೆ.

"ಅವ್ವಂಗೆ ಯೋಳ್ದೆ, ಇನ್ನೊಂದು ಸೋಮವಾರ ಮುಂದಿನ್ ರಜೇಲಿ ಮಾಡ್ತೀನಿ ಅಂತ. ಅವ್ಳು ಅಂದ್ಲು, ನಿಮ್ ಸಾಹೇಬ ಬಯ್ದ್ರೆ ಒಂದು ಗಂಟೆ ಬಯ್ತಾನೆ, ನಂಜುಂಡ ಅಂಗಲ್ಲ ಕಣ್ಲಾ. ಟ್ರಂಕ್ ಮೇಲೆ ಕೂತ್ಕಂಡ್ಬುಟ್ಲು. ಟ್ರಂಕ್ ಒಳಗೆ ನನ್ ಯೂನಿಫಾರಂ."

"ಇದನ್ನ ನಿಮ್ ಸಾಹೇಬ್ರಿಗೆ ಹೇಳಿದ್ರಾ?"

"ಅವ್ವ ಬಿಡ್ಲಿಲ್ಲ ಅಂತ ಮಿಲಿಟರೀಲಿ ಯೋಳಕ್ಕಾಯ್ತದಾ ಸಾಹೇಬ್ರೇ? ಯಾವಳೋ ಹುಡ್ಗಿ ಇಂದೆ ಬಿದ್ದಿದ್ದೆ ಅಂದೆ. ಏಳು ದಿನ ಶಿಕ್ಷೆ ಕೊಟ್ರು, ಬುಕ್ಕಲ್ಲಿ ಕೆಂಪು ಇಂಕಲ್ಲಿ ಬರುದ್ರು. ಬ್ಯಾರಕ್‌ನಲ್ಲಿ ಮರ್ಯಾದೆ ಉಳೀತು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾವನ ಹೆಂಡತಿ, ಅಂದರೆ ನಮ್ಮತ್ತೆ, ನಗಲಿಲ್ಲ. "ಯಾವಳೋ ಹುಡ್ಗಿ ಅಂದ್ರೆ?" ಎಂದಳು.

"ಸುಮ್ನೆ ಬಾಯ್ ಮಾತ್ಗೆ ಅಂದಿದ್ದು ಕಣೇ."

ಆದರೆ ಸುಬೇದಾರರು ಸುಲಭಕ್ಕೆ ಬಿಡುವವರಲ್ಲ. "ತಡೀರಿ," ಎಂದರು. "ಮೂವತ್ತು ದಿನ ಅಂದ್ರೆ ಒಂದು ತಿಂಗಳು. ತಿಂಗಳಿಗೆ ಐದು ಸೋಮವಾರ ಬರದೆ ಇರ್ತದಾ? ಲೆಕ್ಕ ತಪ್ಪು."

ಇಪ್ಪತ್ಮೂರು ಸೈನಿಕರೂ ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸಿ ಎಣಿಸತೊಡಗಿದರು. ಮೊದಲ ಎರಡು ಸಾಲಿಗೆ ನಾಲ್ಕು ಬಂತು, ಮೂರನೆಯ ಸಾಲಿಗೆ ಐದು. ಮೂರನೇ ಸಾಲು ಮೊದಲೇ ವಕ್ರ ಎಂದು ಯಾರೋ ಅಂದರು. ನನ್ನ ತರ್ಕಶಾಸ್ತ್ರಕ್ಕೆ ಜೀವನದಲ್ಲಿ ಸಿಕ್ಕ ಒಂದೇ ಅವಕಾಶ ಅದು. ಮೈಕಿನಲ್ಲಿ ಹೇಳಿದೆ: ರಜೆ ಭಾನುವಾರವೋ ಸೋಮವಾರವೋ ಶುರುವಾದರೆ ಐದು ಸೋಮವಾರ ಸಿಗುತ್ತವೆ, ಬೇರೆ ಯಾವ ದಿನ ಶುರುವಾದರೂ ನಾಲ್ಕೇ.

"ಮಂಗಳವಾರ ಶುರುವಾಯ್ತು," ಎಂದ ಮಾವ. "ಚೀಟಿ ಬರೆಯೋ ಕ್ಲರ್ಕು ಒಂದೇ ಒಂದ್ ದಿನ ಮುಂಚೆ ಹಾಕಿದ್ರೆ ನನ್ ಸರ್ವೀಸ್ ಬುಕ್ಕಲ್ಲಿ ಕೆಂಪು ಇಂಕೇ ಇರ್ತಿರಲಿಲ್ಲ."

"ಅದು ನಿಮ್ಮ ಮಾತು," ಎಂದರು ಸುಬೇದಾರರು. "ರಜಾ ಚೀಟಿ ಎಲ್ಲಿ?"

ಅದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತಿಗೆ ಮುಂಚೆ ಫ್ರೆಂಚ್ ಸೈನಿಕನಿಗೂ ಕೇಳಿದ್ದರು. ಪರದೆಯ ನಾಯಿ ಇನ್ನೂ ಕಾಲೆತ್ತಿಕೊಂಡೇ ಇತ್ತು.

"ನರಸೀಪುರದಲ್ಲಿ, ನಮ್ಮಕ್ಕನ ಮನೇಲಿ. ಟ್ರಂಕ್‌ನಲ್ಲಿ."

"ಚುನಾವಣೆಗೆ ಮುಂಚೆ ತೋರಿಸಿ. ಮಂಗಳವಾರ ಅಂತಿದ್ರೆ ನಾನು ಎಲ್ಲರ ಮುಂದೆ ನನ್ನ ಮಾತು ವಾಪಸ್ ತಗೋತೀನಿ. ಇಲ್ಲದಿದ್ರೆ ನೀವು ನಿಲ್ಲಬೇಡಿ."

"ಆಯ್ತು," ಎಂದ ಮಾವ.

ಆಗ ಸುಬೇದಾರರ ಹೆಂಡತಿ, ಅದುವರೆಗೆ ಕಡಲೆಕಾಯಿ ಬಿಡಿಸುತ್ತ ಕುಳಿತಿದ್ದವರು, ಯಾರಿಗೆಂದಿಲ್ಲದೆ ಹೇಳಿದರು: "ನಮ್ಮನೆಯೋರೂ ಒಂದ್ಸಲ ಎರಡು ದಿನ ಲೇಟಾಗಿ ಹೋಗಿದ್ರು."

"ಅದು ಬೇರೆ," ಎಂದರು ಸುಬೇದಾರರು. "ಇವಳು ನನ್ನ ಬೂಟು ಬಚ್ಚಿಟ್ಟಿದ್ದಳು."

"ಎರಡೂ ಅಲ್ಲ. ಎಡಗಾಲಿಂದು ಮಾತ್ರ."

ಅಲ್ಲಿಂದ ಕಟ್ಟೆ ಒಡೆಯಿತು. ಹದಿನಾರು ಗ್ರಾಮದ ಒಬ್ಬರು ಎಮ್ಮೆ ಕರು ಹಾಕುವ ತನಕ ನಿಂತಿದ್ದರಂತೆ. ಕಳಲೆಯವರೊಬ್ಬರಿಗೆ ಮಾರಿಹಬ್ಬದ ಬಾಡೂಟ ಬಿಟ್ಟುಹೋಗುವುದಾಗಲಿಲ್ಲ. ಇನ್ನೊಬ್ಬರು ಕಾರಣ ಹೇಳಲಿಲ್ಲ, ಹೆಂಡತಿ ಮುಖ ತಿರುಗಿಸಿ ನಕ್ಕರು. ಅರ್ಧ ಗಂಟೆಯಲ್ಲಿ ನನ್ನ ಮುಂದೆ ಮೆಡಲು ತೊಟ್ಟ ಹದಿನಾಲ್ಕು ಜನ ಪಲಾಯನವಾದಿಗಳು ಕುಳಿತಿದ್ದರು. ಎಣಿಸಿದೆನೆಂದೇ ನೆನಪು. ಹದಿಮೂರೂ ಇರಬಹುದು.

ಆಮೇಲೆ ಸಿನಿಮಾ ಮುಂದುವರಿಯಿತು. ಈ ಸಲ ನಾನು ಸುಳ್ಳು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರೂ ಅವನ ಕಡೆಯಾಗಿದ್ದರು. ಪೊಲೀಸರು ಬಂದಾಗ "ಅತ್ತಗೆ ಸರ್ಕೋ" ಎಂದು ಎರಡು ಮೂರು ಕಡೆಯಿಂದ ಸಲಹೆ ಬಂತು. ಹಡಗು ಹೊರಡುವ ಹೊತ್ತಿಗೆ ಅವನು ಇಳಿದು ಹುಡುಗಿಯನ್ನು ನೋಡಲು ವಾಪಸ್ ಹೋದಾಗ ಸುಬೇದಾರರು ಎರಡೂ ಕೈಯಲ್ಲಿ ಟೋಪಿ ಹಿಚುಕುತ್ತ "ಹೋಗ್ಬೇಡ" ಎಂದರು. ಅವನು ಹೋದ. ಗುಂಡು ತಿಂದು ಬೀದಿಯಲ್ಲಿ ಬಿದ್ದ. ನಾಯಿ ಒಂದೇ ಉಳಿಯಿತು.

ಇದಕ್ಕಿಂತ ಒಳ್ಳೆಯ ಪ್ರೇಕ್ಷಕರನ್ನು ನಾನು ಯಾವ ವಿಶ್ವವಿದ್ಯಾನಿಲಯದಲ್ಲೂ ಕಂಡಿಲ್ಲ. ಹೊರಗೆ ಬರುವಾಗ ಮಾವ ಕಣ್ಣೊರೆಸಿಕೊಂಡು, "ಅವನ್ಗೂ ಒಬ್ಳು ಅವ್ವ ಇದ್ದು ಟ್ರಂಕ್ ಮೇಲೆ ಕೂತಿದ್ರೆ ಬದುಕ್ಕತಿದ್ದ," ಎಂದ.

ಶನಿವಾರ ಸಂಜೆ ನಾನೂ ಮಾವನೂ ಅವನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನರಸೀಪುರಕ್ಕೆ ಹೊರಟೆವು. ನನ್ನ ಕಡೆಯೂ ಒಂದು ಬ್ರೇಕು ಇದ್ದ ಕಾರು ಅದು. ಸಾಮಾನ್ಯವಾಗಿ ದಾರಿಯುದ್ದಕ್ಕೂ ಎದುರಿಗೆ ಬರುವ ಗಾಡಿಗಳ ತಪ್ಪು ಹೇಳುವ ಮಾವ ಅವತ್ತು ಸುಮ್ಮನಿದ್ದ. ಅರ್ಧ ದಾರಿಯಲ್ಲಿ ಕೇಳಿದ:

"ಲೋ, ಒಂದು ಪಕ್ಷ ಐದಿದ್ರೆ?"

"ನಿನಗೇ ಗೊತ್ತಿಲ್ವಾ?"

"ಮಂಗಳವಾರ ಅಂತ ನಾನೆಲ್ಲಿ ಎಣಿಸ್ದೆ? ಎಣಿಸಿದ್ದು ಅವ್ವ. ಅವ್ಳು ನಾಲ್ಕು ಅಂದ್ಲು, ನಾನು ನಾಲ್ಕು ಅಂದ್ಕಂಡೆ. ಅವ್ಳಿಗೆ ಮಗನ್ನ ಇನ್ನೊಂದ್ ವಾರ ಇಟ್ಕಬೇಕು ಅಂತ ಆಸೆ ಇತ್ತೇನೋ. ಇಷ್ಟು ವರ್ಷ ಈ ಯೋಚ್ನೆ ಬಂದಿರ್ನಿಲ್ಲ. ಆ ಸುಬೇದಾರ ತಲೆಗೆ ಹುಳ ಬಿಟ್ಟ."

ಅನುಮಾನ ನಮ್ಮ ಮನೆತನದಲ್ಲಿ ನನ್ನಿಂದಲೇ ಶುರುವಾಯಿತು ಎಂದುಕೊಂಡಿದ್ದೆ. ಈಗ ಅದು ಹಿಂದಕ್ಕೆ ಹರಡುತ್ತಿತ್ತು. ಅಜ್ಜಿ ತೀರಿಕೊಂಡು ಆರು ವರ್ಷವಾಗಿತ್ತು. ಅವಳನ್ನು ಕೇಳುವಂತಿರಲಿಲ್ಲ. ಅವಳ ಮಾತು ಸುಳ್ಳಾದರೆ ಮಾವನ ಚುನಾವಣೆ ಹೋಗುವುದು ಸಣ್ಣ ವಿಷಯ. ಯಾವುದಕ್ಕಾಗಿ ಅಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೆಂಪು ಇಂಕು ಹೊತ್ತಿದ್ದನೋ ಅದೇ ಹೋಗಿಬಿಡುತ್ತಿತ್ತು.

ನನ್ನ ಅವ್ವ ಅಡುಗೆಮನೆಯಲ್ಲಿ ಹುರುಳಿಕಾಳು ಬಸಿಯುತ್ತಿದ್ದಳು. ವಿಷಯ ಕೇಳಿ, "ಅದ್ಕೆ ಇಬ್ರೂ ಬಂದ್ರಾ?" ಎಂದು ಕೈ ಒರೆಸಿಕೊಂಡು ಟ್ರಂಕ್ ತೋರಿಸಿದಳು. ಮಾವ ಹತ್ತಿರ ಹೋಗಲಿಲ್ಲ. ಜಗಲಿಯಲ್ಲಿ ಕುಳಿತು ಬೀದಿ ನೋಡುತ್ತ, "ನೀನೇ ನೋಡಿ ಯೋಳಲಾ," ಎಂದ.

ಟ್ರಂಕಿನ ಮುಂದೆ ಕುಳಿತಾಗ ನನ್ನ ಹಳೆಯ ಪ್ರಶ್ನೆಯನ್ನೂ ಕೇಳಿಬಿಟ್ಟೆ. "ಅವ್ವ, ಆವಾಗ ಮನೆಗೆ ಪೊಲೀಸರು ಬಂದಿದ್ರಲ್ಲ? ಮಾವ ಅಟ್ಟದಲ್ಲಿ ಅಡಗಿದ್ದ."

"ಯಾವ ಪೊಲೀಸು? ಪೋಸ್ಟ್‌ಮ್ಯಾನ್ ಬಂದಿದ್ದ, ಮಿಲಿಟರಿಯಿಂದ ಬಂದ ಟೆಲಿಗ್ರಾಂ ತಗಂಡು. ಆವಾಗ ಅವರ್ದೂ ಖಾಕಿನೇ."

"ಇಬ್ಬರು ಬಂದಿದ್ರು."

"ಒಬ್ಬನೇ. ಸೈಕಲ್ ಇತ್ತು."

"ಮತ್ತೆ ಅಟ್ಟ?"

"ಅಟ್ಟದ ಮೇಲೆ ಅವ್ನು ಯಾಕತ್ತಿದ್ದ ಅಂತ ನಂಗೊತ್ತಿಲ್ಲ," ಎಂದಳು ಅವ್ವ. ಜಗಲಿಯಿಂದ ಮಾವ ಕೂಗಿ ಹೇಳಿದ: "ಹುಣಸೆಹಣ್ಣು ಇಳಿಸಕ್ಕೆ." ಅದು ಕೊಂಚ ಬೇಗ ಬಂದ ಉತ್ತರ ಎಂದು ನನಗನ್ನಿಸಿತು. ಕೋಟಿನ ಬಗ್ಗೆ ಕೇಳಿದೆ. ಅದು ಕಂಬಳಿಯಂತೆ. ಉರುಳುಸೇವೆಯ ಒದ್ದೆ ಪಂಚೆಯಿಂದ ಅವನಿಗೆ ನೆಗಡಿಯಾಗಿತ್ತಂತೆ. ನಾಯಿಯ ಬಗ್ಗೆ ಕೇಳುವ ಧೈರ್ಯವಾಗಲಿಲ್ಲ.

ಟ್ರಂಕಿನ ತಳದಲ್ಲಿ, ನ್ಯೂಸ್‌ಪೇಪರಿನ ಕೆಳಗೆ ಸರ್ವೀಸ್ ಬುಕ್ ಇತ್ತು. ಅದರೊಳಗೆ ನಾಲ್ಕು ಮಡಿಕೆಯಾಗಿ ರಜಾ ಚೀಟಿ. ಮಡಿಕೆಗಳಲ್ಲಿ ಕಾಗದ ಸವೆದಿತ್ತು, ಅಕ್ಷರ ಹಾಗೇ ಇತ್ತು. ಶುರುವಾದ ತಾರೀಖು, ಮುಗಿದ ತಾರೀಖು, ಕೆಳಗೆ ಸೀಲು. ವಾರ ಬರೆದಿರಲಿಲ್ಲ.

ಫೋನಿನ ಕ್ಯಾಲೆಂಡರನ್ನು ಬೆರಳಿನಿಂದ ಹಿಂದಕ್ಕೆ ತಳ್ಳತೊಡಗಿದೆ. ತಿಂಗಳುಗಳು, ವರ್ಷಗಳು ಮೇಲಕ್ಕೆ ಓಡಿದವು. ಜಗಲಿಯಲ್ಲಿ ಮಾವನ ಫೋನು ಎರಡು ಸಲ ಬಡಿದುಕೊಂಡಿತು. ಸುಬೇದಾರರೇ ಇರಬೇಕು. ಅವನು ಎತ್ತಲಿಲ್ಲ. ಆ ವರ್ಷ ಸಿಕ್ಕಿತು, ಆ ತಿಂಗಳು ಸಿಕ್ಕಿತು. ಒಂದು ಸಲ ಎಣಿಸಿದೆ. ನನ್ನ ಮೇಲೆ ನಂಬಿಕೆಯಿಲ್ಲದ್ದರಿಂದ ಇನ್ನೊಂದು ಸಲ ಎಣಿಸಿದೆ. ಫೋನಿನ ಮೇಲೂ ಅಷ್ಟು ನಂಬಿಕೆ ಇಲ್ಲದ್ದರಿಂದ ಅವ್ವನ ಕೈಗೆ ಕೊಟ್ಟು ಎಣಿಸಲು ಹೇಳಿದೆ. ಅವಳು ಅಜ್ಜಿಯ ಹಾಗೆಯೇ ಹೆಬ್ಬೆರಳನ್ನು ಗೆಣ್ಣುಗಳ ಮೇಲೆ ಓಡಿಸಿ ಎಣಿಸಿದಳು.

ಬೇರೆ ಎಲ್ಲದರ ಬಗ್ಗೆ ನನಗೆ ಇವತ್ತಿಗೂ ಅನುಮಾನವಿದೆ. ಇದರ ಬಗ್ಗೆ ಇಲ್ಲ. ರಜೆ ಶುರುವಾದದ್ದು ಮಂಗಳವಾರ, ಮುಗಿದದ್ದು ಬುಧವಾರ, ನಡುವೆ ಇದ್ದ ಸೋಮವಾರಗಳು ನಾಲ್ಕೇ.